ಮೊದಲ ಎರಡು ಸ್ಯಾಂಪಲ್

ಎರಡು ವರ್ಷ ನಮ್ಮ ಪ್ರಯೋಗಾಲಯದಲ್ಲಿ ನನ್ನನ್ನು ಹೆಸರು ಹಿಡಿದು ಕರೆದವರು ಕಡಿಮೆ. ‘ನಾರ್ಮಲ್ ಮೇಡಂ’ ಅನ್ನುತ್ತಿದ್ದರು. ನಾನು ತಮಾಷೆಗೆ ಬೇಗ ನಗುವವಳಲ್ಲ. ಆದರೂ ಆ ಹೆಸರು ಒಳಗೊಳಗೇ ಇಷ್ಟವಾಗಿತ್ತು. ಈಗ ಅದನ್ನು ನೆನೆದರೆ ಬಾಯಿ ಕಹಿಯಾಗುತ್ತದೆ.

ಹೆಸರು ಬಂದದ್ದು ಹೀಗೆ. ಬಾಗಲಕೋಟೆಯ ಒಂದು ವೈದ್ಯಕೀಯ ಕಾಲೇಜಿನ ಜೀವರಸಾಯನ ವಿಭಾಗದಲ್ಲಿ ನಾನು ಸಂಶೋಧನೆ ಮಾಡುತ್ತಿದ್ದೇನೆ. ವಿಷಯ ಸಕ್ಕರೆ ಕಾಯಿಲೆ. ದಿನವಿಡೀ ಮಗ್ಗದ ಮುಂದೆ ಕೂತು ದುಡಿಯುವ ಇಳಕಲ್ಲಿನ ಹೆಣ್ಣುಮಕ್ಕಳ ಮೈ, ತಿಂದದ್ದನ್ನು ಏನು ಮಾಡುತ್ತದೆ ಎಂದು ಅವರ ರಕ್ತದಲ್ಲಿ ಹುಡುಕುವುದು ನನ್ನ ಕೆಲಸ. ಪ್ರತಿ ಬೆಳಿಗ್ಗೆ ಮಷಿನ್ನಿಗೆ ಜನರ ರಕ್ತ ಹಾಕುವ ಮೊದಲು, ಉತ್ತರ ನಮಗೆ ಮೊದಲೇ ಗೊತ್ತಿರುವ ಒಂದು ಸ್ಯಾಂಪಲ್ ಹಾಕಬೇಕು. ಮಷಿನ್ ಸರಿಯಾದ ಉತ್ತರ ಕೊಟ್ಟರೆ ಮುಂದಿನ ಕೆಲಸ. ತಪ್ಪು ಕೊಟ್ಟರೆ ಆ ದಿನದ ಯಾವ ಉತ್ತರವನ್ನೂ ನಂಬುವಂತಿಲ್ಲ. ಇದಕ್ಕೆಂದೇ ಸಣ್ಣ ಬಾಟಲಿಗಳಲ್ಲಿ ತಯಾರಾದ ಸೀರಮ್ ಹೊರಗಿನಿಂದ ಬರುತ್ತದೆ. ಬರಬೇಕಾದ ಹೊತ್ತಿಗೆ ಅದು ಬರುವುದಿಲ್ಲ. ಬರದಿದ್ದಾಗ ನಮ್ಮಲ್ಲಿ ಒಂದು ರೂಢಿ ಇತ್ತು: ಆರೋಗ್ಯವಾಗಿರುವ ಒಬ್ಬ ಸಿಬ್ಬಂದಿಯ ರಕ್ತವನ್ನೇ ಅಳತೆಗೋಲಾಗಿ ಹಾಕುವುದು. ಆ ಒಬ್ಬಳು ನಾನು. ಖಾಲಿ ಹೊಟ್ಟೆಯಲ್ಲಿ ನನ್ನ ರಕ್ತದ ಸಕ್ಕರೆ ಎಂಬತ್ತೆರಡು, ಎಂಬತ್ತೈದು, ಮತ್ತೆ ಎಂಬತ್ತೆರಡು. ಹಿರಿಯ ಟೆಕ್ನಿಷಿಯನ್ ಶಂಕ್ರಣ್ಣ ನನ್ನ ತೋಳಿಗೆ ರಬ್ಬರ್ ಪಟ್ಟಿ ಕಟ್ಟುತ್ತ, “ಗಡಿಯಾರ ತಪ್ಪೀತು, ನಮ್ಮ ನಾರ್ಮಲ್ ಮೇಡಂ ತಪ್ಪಂಗಿಲ್ಲ” ಅನ್ನುತ್ತಿದ್ದರು.

ಮಾರ್ಚ್ ಕೊನೆಯಲ್ಲಿ ಇಳಕಲ್ಲಿನಲ್ಲಿ ನಮ್ಮ ಶಿಬಿರವಿತ್ತು. ನೇಕಾರರ ಓಣಿಯ ಒಂದು ಪಡಸಾಲೆಯಲ್ಲಿ ಬೆಳಿಗ್ಗೆ ಏಳಕ್ಕೇ ಹನ್ನೊಂದು ಜನ ಹೆಣ್ಣುಮಕ್ಕಳು ಖಾಲಿ ಹೊಟ್ಟೆಯಲ್ಲಿ ಬಂದು ಕೂತಿದ್ದರು. ಎಲ್ಲರೂ ತಮಗೆ ಸಕ್ಕರೆ ಕಾಯಿಲೆ ಇಲ್ಲ ಅಂದವರು. ಮೊದಲನೆಯವರು ಮಾಬೂಬಿ. ಐವತ್ತರ ಆಸುಪಾಸು, ಎತ್ತರದ ಹೆಂಗಸು, ಎಲ್ಲರಿಗಿಂತ ಮುಂದೆ ಬಂದು ತೋಳು ಚಾಚಿದರು. ನರ ಸಿಗಲಿಲ್ಲ. ಮೂರು ಸಲ ಚುಚ್ಚಿದೆ.

“ಯವ್ವಾ, ಬಾಂವಿ ತೋಡಾಕತ್ತೀ ಏನು? ನೀರ ಇಲ್ಲದ ಕಡೆ ಯಾಕ ತೋಡ್ತೀ?” ಅಂದರು. ಹಿಂದೆ ಕೂತವರೆಲ್ಲ ನಕ್ಕರು. ಕೊನೆಗೆ ಒಂದು ಪರೀಕ್ಷೆಗೆ ಸಾಲುವಷ್ಟು ಮಾತ್ರ ರಕ್ತ ಬಂತು. ಎದ್ದು ಹೋಗುವಾಗ, “ಕಾಲಾಗ ಇರಬಿ ಹರದಂಗ ಆಗತೈತಿ, ಅದಕ್ಕೇನರ ಗುಳಗಿ ಐತೇನು?” ಎಂದು ಕೇಳಿದರು. ನಾನು ಡಾಕ್ಟರಲ್ಲ ಅಂದೆ. ಅದನ್ನು ಬರೆದುಕೊಳ್ಳಲಿಲ್ಲ. ನನ್ನ ನಮೂನೆಯಲ್ಲಿ ಅದಕ್ಕೆ ಜಾಗ ಇರಲಿಲ್ಲ.

ಐಸ್ ಡಬ್ಬಿಯಲ್ಲಿ ರಕ್ತ ತಂದು ಬಾಗಲಕೋಟೆ ಸೇರಿದಾಗ ಸೀರಮ್ ಬಾಟಲಿ ಬಂದಿರಲಿಲ್ಲ. ನಾನೂ ಏನೂ ತಿಂದಿರಲಿಲ್ಲ, ಹಾಗಾಗಿ ನನ್ನ ರಕ್ತವನ್ನೇ ಮೊದಲು ಇಟ್ಟೆವು. ಎರಡನೆಯದು ಮಾಬೂಬಿಯವರದು. ಮಷಿನ್ ನನಗೆ ಇನ್ನೂರ ಮೂವತ್ತೆಂಟು ಕೊಟ್ಟಿತು. ಮಾಬೂಬಿಯವರಿಗೆ ಇನ್ನೂರ ಅರವತ್ತು. ಉಳಿದ ಹತ್ತೂ ಸರಿಯಾಗಿದ್ದವು.

ನಾನು ಯೋಚಿಸಿದ್ದು ಒಂದು ನಿಮಿಷವೂ ಅಲ್ಲ. ಮೊದಲ ಎರಡೂ ಸ್ಯಾಂಪಲ್‌ನ ಅಂಕಿ ಹೆಚ್ಚು, ಆಮೇಲೆ ಎಲ್ಲ ಸರಿ. ಅಂದರೆ ಶುರುವಿನಲ್ಲಿ ಮಷಿನ್ ಇನ್ನೂ ಹದಕ್ಕೆ ಬಂದಿರಲಿಲ್ಲ. ಎಷ್ಟು ಚೆನ್ನಾಗಿ ಹೊಂದಿತ್ತೆಂದರೆ, ಆ ಯೋಚನೆಯ ಬಗ್ಗೆ ನನಗೆ ಸಣ್ಣ ಹೆಮ್ಮೆಯೂ ಆಯಿತು.

“ಮೇಡಂ, ನಿಮ್ಮ ರಕ್ತ ಇನ್ನೊಮ್ಮೆ ತಗದು ಹಾಕೂಣೇನ್ರಿ?” ಎಂದು ಶಂಕ್ರಣ್ಣ ಕೇಳಿದರು.

“ಆಗಲೇ ಚಹಾ ಕುಡಿದೇನ್ರಿ. ಏನ್ ಉಪಯೋಗ?” ಅಂದೆ. ಮಾಬೂಬಿಯವರದು ಇನ್ನೊಮ್ಮೆ ಹಾಕಲು ರಕ್ತವೇ ಉಳಿದಿರಲಿಲ್ಲ. ರಿಜಿಸ್ಟರಿನಲ್ಲಿ ನನ್ನ ದುಂಡನೆಯ ಅಕ್ಷರದಲ್ಲಿ ಬರೆದೆ: ‘ಮೊದಲ ಎರಡು ಸ್ಯಾಂಪಲ್, ಯಂತ್ರದೋಷ, ಕೈಬಿಡಲಾಗಿದೆ.’

ಮೂರು ದಿನದ ಮೇಲೆ ಹುಬ್ಬಳ್ಳಿಯಿಂದ ಇಂಜಿನಿಯರ್ ಬಂದ. ಮಷಿನ್ ಬಿಚ್ಚಿ, ತೊಳೆದು, ಅಷ್ಟೊತ್ತಿಗೆ ಬಂದಿದ್ದ ಹೊಸ ಸೀರಮ್ ಹಾಕಿ ನೋಡಿ, “ಮೇಡಂ, ಮಷಿನ್ ಕುದುರಿ ಇದ್ದಂಗ ಐತ್ರಿ. ಆ ಸ್ಯಾಂಪಲ್ ಯಾರದು ಅವರನ್ನ ನೋಡ್ರಿ ಮೊದಲ” ಅಂದ.

“ಅದು ನನ್ನದು.”

“ಹಂಗಾದ್ರ ನಿಮ್ಮನ್ನ ನೀವ ಡಾಕ್ಟರಿಗೆ ತೋರಿಸ್ರಿ” ಎಂದು ನಕ್ಕ. ಅವನು ಸಲುಗೆಯಿಂದ ಮಾತಾಡುತ್ತಾನೆ ಎಂದು ನಾನು ವಿಭಾಗದ ಮುಖ್ಯಸ್ಥರಿಗೆ ಹೇಳಿದೆ. ಬರೆದೂ ಕೊಟ್ಟೆ.

ಅದೇ ಮಧ್ಯಾಹ್ನ ಮಾಬೂಬಿಯವರಿಗೆ ಫೋನ್ ಮಾಡಿ, ಮಷಿನ್ ಕೆಟ್ಟಿತ್ತು, ಇನ್ನೊಮ್ಮೆ ರಕ್ತ ಕೊಡಬೇಕಾಗುತ್ತದೆ ಅಂದೆ.

“ಮತ್ತ ನನಗ ಸಕ್ಕರಿ ಇಲ್ಲಲ್ಲವಾ?”

“ಇಲ್ರಿ ಅಕ್ಕಾರ. ಮಷಿನ್ ಕೆಟ್ಟಿತ್ತು, ಅಷ್ಟ.”

“ಮಷಿನ್ನಿಗೆ ಅರಾಮಿಲ್ಲಂದ್ರ ಅದರ ರಕ್ತ ತಗೀರಿ. ನನ್ನ ಯಾಕ ಚುಚ್ಚತೀರಿ?” ಎಂದು ಜೋರಾಗಿ ನಕ್ಕು ಇಟ್ಟುಬಿಟ್ಟರು.

‘ಇಲ್ರಿ’ ಎಂಬ ಆ ಮಾತಿಗೆ ನನ್ನ ಬಳಿ ಯಾವ ಆಧಾರವೂ ಇರಲಿಲ್ಲ. ‘ಗೊತ್ತಿಲ್ಲ’ ಅನ್ನಬೇಕಿತ್ತು. ನನ್ನ ವೃತ್ತಿಯಲ್ಲಿ ದಿನಕ್ಕೆ ಹತ್ತು ಸಲ ಅನ್ನಬೇಕಾದ ಮಾತು ಅದು.

ಏಪ್ರಿಲ್ ಬಂತು. ಬಾಗಲಕೋಟೆಯ ಏಪ್ರಿಲ್‌ನಲ್ಲಿ ನೀರಡಿಕೆ ರೋಗವಲ್ಲ, ಎಲ್ಲರ ಕೈಯಲ್ಲೂ ಬಾಟಲಿ ಇರುತ್ತದೆ. ನಾನು ದಿನಕ್ಕೆ ಆರು ಬಾಟಲಿ ಮುಗಿಸುತ್ತಿದ್ದೆ. ಚೂಡಿದಾರದ ಸೊಂಟ ಸಡಿಲವಾಗಿ ಎರಡು ಸಲ ಲಾಡಿ ಎಳೆದು ಕಟ್ಟಿದೆ. ಕಾಲೇಜಿನಲ್ಲಿ ಎಲ್ಲರೂ, “ಏನ್ ಛಂದ ತೆಳ್ಳಗಾಗೀರಿ, ಡಯಟ್ ಏನ್ರಿ?” ಅನ್ನುತ್ತಿದ್ದರು. ನವನಗರದ ನನ್ನ ಬಾಡಿಗೆ ಕೋಣೆಯ ಬಚ್ಚಲಲ್ಲಿ ಕೆಂಪು ಇರುವೆ ಸಾಲುಗಟ್ಟಿದವು. ಫಿನಾಯಿಲ್ ಸುರಿದೆ. ಮರುದಿನ ಮತ್ತೆ ಬಂದವು, ಮತ್ತೆ ಸುರಿದೆ. ಹೀಗೆ ಎರಡು ವಾರ. ಎರಡು ಬಾಟಲಿ ಫಿನಾಯಿಲ್. ಮನೆಯೊಡತಿಗೆ ಬಚ್ಚಲು ಸ್ವಚ್ಛವಿಲ್ಲ ಎಂದು ದೂರನ್ನೂ ಕೊಟ್ಟೆ. ಮೂತ್ರದಲ್ಲಿ ಸಕ್ಕರೆ ಇದ್ದರೆ ಇರುವೆ ಬರುತ್ತವೆ ಎಂದು ಅವಳಿಗೂ ಗೊತ್ತಾಗಬಹುದಿತ್ತು. ಆ ವಿಷಯದಲ್ಲಿ ಸಂಶೋಧನೆ ಮಾಡುತ್ತಿದ್ದ ನನಗೆ ಗೊತ್ತಾಗಲಿಲ್ಲ.

ಮೇ ಎರಡನೇ ವಾರ ರಜೆಗೆಂದು ಹುನಗುಂದದ ಮನೆಗೆ ಹೋಗಿದ್ದೆ. ಎರಡೇ ದಿನದಲ್ಲಿ ಹೊಟ್ಟೆನೋವು, ವಾಂತಿ. ಬಿಸಿಲು ಬಡಿದಿದೆ ಅಂದರು ಅಪ್ಪ. ಸೋಮವಾರ ಬೆಳಿಗ್ಗೆ ಬಾಗಲಕೋಟೆಗೆ ಹೊರಟಾಗ ಅವ್ವ ನನ್ನ ಮುಖ ನೋಡಿ ಒಬ್ಬಳನ್ನೇ ಬಿಡದೆ ಜೊತೆಗೆ ಬಸ್ಸು ಹತ್ತಿದಳು. ಅಮೀನಗಡದಲ್ಲಿ ಬಸ್ಸು ನಿಂತಿತು. ಕರದಂಟಿನ ಅಂಗಡಿಗಳಿಂದ ಬೆಲ್ಲ, ತುಪ್ಪ ಕಾಯುವ ವಾಸನೆ ಕಿಟಕಿಯಲ್ಲಿ ಒಳಗೆ ಬಂತು. ಚಿಕ್ಕಂದಿನಿಂದ ನಾನು ಕಾಯುತ್ತಿದ್ದ ವಾಸನೆ. ಕಿಟಕಿಯಿಂದ ತಲೆ ಹೊರಹಾಕಿ ವಾಂತಿ ಮಾಡಿದೆ. ಕೆಳಗೆ ನಿಂತಿದ್ದವನೊಬ್ಬ ಬೈದ. ಅವ್ವ ಸೆರಗಿನಿಂದ ನನ್ನ ಬಾಯಿ ಒರೆಸುತ್ತ ಹಿಂದೆ ಸರಿದಳು.

“ಏನ ಇದು ನಿನ್ನ ಬಾಯಿ! ಹಣ್ಣ ಕೊಳತಂಗ ನಾರತೈತಿ.”

ಕೈಯನ್ನು ಬಾಯಿಗೆ ಅಡ್ಡ ಹಿಡಿದು ಉಸಿರು ಬಿಟ್ಟು ಮೂಸಿದೆ. ನನಗೆ ಆ ವಾಸನೆ ಗೊತ್ತು. ನಮ್ಮ ಪ್ರಯೋಗಾಲಯದ ಕಪಾಟಿನ ಎರಡನೇ ಸಾಲಿನಲ್ಲಿ, ಕಂದು ಬಾಟಲಿಯಲ್ಲಿದೆ. ಅಸಿಟೋನ್. ರಕ್ತದಲ್ಲಿರುವ ಸಕ್ಕರೆಯನ್ನು ಬಳಸಲಾಗದೆ ಮೈ ಕೊಬ್ಬನ್ನು ಸುಡತೊಡಗಿದಾಗ ಉಸಿರಿನಲ್ಲಿ ಬರುವುದು ಅದೇ. ಮುಂದಿನ ಊರು ಕಮತಗಿ ದಾಟುವವರೆಗೂ ನನ್ನ ಉಸಿರನ್ನು ನಾನೇ ಮೂಸುತ್ತ, ಅಸಹ್ಯಪಡುತ್ತ ಕೂತಿದ್ದೆ.

ನಮ್ಮ ಕಾಲೇಜಿನ ಆಸ್ಪತ್ರೆಯ ತುರ್ತು ಚಿಕಿತ್ಸೆಯ ಬಾಗಿಲಲ್ಲಿ ಹೆಸರು ಬರೆಸಲು ಸಾಲು ಇತ್ತು. ಕೈಗೆ ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟು ಮೂತ್ರ ತರಲು ಹೇಳಿದರು. ಅದಕ್ಕೆ ಮುಚ್ಚಳ ಇರಲಿಲ್ಲ. ಇಂಥ ಸಾವಿರ ಡಬ್ಬಿಗಳನ್ನು ನಾನು ಕೈಗವಸು ಹಾಕಿಕೊಂಡು, ಮುಖ ತಿರುಗಿಸಿ ತೆಗೆದುಕೊಂಡಿದ್ದೇನೆ. ಆವತ್ತು ನನ್ನದನ್ನು ಜನರ ನಡುವೆ, ಚೆಲ್ಲದ ಹಾಗೆ, ಎರಡೂ ಕೈಯಲ್ಲಿ ಹಿಡಿದು ನಡೆದೆ. ಕಿಟಕಿಯಲ್ಲಿದ್ದ ಹುಡುಗಿ ಮುಖ ತಿರುಗಿಸಿ ತೆಗೆದುಕೊಂಡಳು.

ಐದು ದಿನ ಆಸ್ಪತ್ರೆಯಲ್ಲಿದ್ದೆ. ಮೊದಲೆರಡು ದಿನದ ನೆನಪು ಚೂರುಚೂರು: ಒಣಗಿ ಅಂಗುಳಕ್ಕೆ ಅಂಟಿದ ನಾಲಿಗೆ, ಗಂಟೆಗೊಮ್ಮೆ ಬೆರಳಿಗೆ ಸೂಜಿ, ಪಕ್ಕದ ಹಾಸಿಗೆಯ ಅಜ್ಜಿಯ ಬೆಡ್‌ಪ್ಯಾನ್. ಮತ್ತು ಒಬ್ಬ ನರ್ಸ್. ಹೆಸರು ಕೇಳಲಿಲ್ಲ. ಕೇಳದೆಯೇ ಒದ್ದೆ ಹತ್ತಿಯಿಂದ ನನ್ನ ತುಟಿಯನ್ನು ಆಗಾಗ ಒರೆಸಿ ಹೋಗುತ್ತಿದ್ದಳು. ಅದಕ್ಕಿಂತ ಒಳ್ಳೆಯದು ನನಗೆ ಆ ಐದು ದಿನದಲ್ಲಿ ಯಾರೂ ಮಾಡಲಿಲ್ಲ.

ಡಾಕ್ಟರು ಹೆಚ್ಚು ಸುತ್ತು ಬಳಸಲಿಲ್ಲ. ನನಗೆ ಬಂದದ್ದು ಚಿಕ್ಕ ವಯಸ್ಸಿನವರಿಗೆ ಬರುವ ಬಗೆಯದು, ಗುಳಿಗೆಯಿಂದ ಆಗುವುದಿಲ್ಲ, ದಿನಕ್ಕೆ ನಾಲ್ಕು ಸಲ ಇನ್ಸುಲಿನ್, ಕೊನೆಯವರೆಗೂ. ನಾನು ತಲೆಯಾಡಿಸಿದೆ. ಅವ್ವ ಮಾತ್ರ, “ಕೊನೀತನ ಅಂದ್ರ ಎಷ್ಟ ದಿನಾ ರೀ?” ಎಂದು ಕೇಳಿದಳು. ಅವರು ಹೋದ ಮೇಲೆ ಹಣೆಯ ವಿಭೂತಿ ಕದಡುವ ಹಾಗೆ ಮುಖ ಒರೆಸಿಕೊಂಡು ನನ್ನನ್ನು ಬೈದಳು: “ಸಕ್ಕರಿ ಕಲೀತೀನಿ, ಸಕ್ಕರಿ ಕಲೀತೀನಿ ಅಂತ ಹೋಗಿ ಮೈಗೆ ಹಚಗೊಂಡು ಬಂದಿ ನೋಡು. ಬ್ಯಾರೆ ಏನರ ಕಲೀಬೇಕಿತ್ತು.”

ಮೂರನೇ ದಿನ ಶಂಕ್ರಣ್ಣ ವಾರ್ಡಿಗೆ ಬಂದರು. ನನ್ನ ರಕ್ತ ಹೋದದ್ದು ನಮ್ಮದೇ ಪ್ರಯೋಗಾಲಯಕ್ಕೆ, ನಮ್ಮದೇ ಮಷಿನ್ನಿಗೆ.

“ಎರಡ ಸಲ ಹಾಕಿದೆ ಮೇಡಂ. ಮಷಿನ್ ತಪ್ಪ ಹೇಳಾಕತ್ತೈತೇನೋ ಅಂತ” ಅಂದರು. ಆಮೇಲೆ ಕೈಯಲ್ಲಿದ್ದ ಮೂಸಂಬಿ ಚೀಲವನ್ನು ನೋಡಿಕೊಂಡು, ತಂದದ್ದು ತಪ್ಪಾಯಿತೋ ಏನೋ ಎಂಬಂತೆ ಹಿಂದೆ ಇಟ್ಟುಕೊಂಡರು.

“ಆವತ್ತೂ ಮಷಿನ್ ಸರೀನ ಇತ್ತಲ್ರಿ” ಅಂದರು.

“ಹೌದು.”

“ಹಂಗಾದ್ರ ಆ ಇಳಕಲ್ ಅಕ್ಕಾಂದೂ ಖರೇನ.”

ಆ ಕ್ಷಣದವರೆಗೆ ನನ್ನ ಯೋಚನೆಯೆಲ್ಲ ನನ್ನ ಬಗ್ಗೆಯೇ ಇತ್ತು. ಮೊದಲ ಎರಡು ಸ್ಯಾಂಪಲ್. ಒಂದು ನಾನು, ಈ ಹಾಸಿಗೆಯ ಮೇಲೆ, ಕೈಗೆ ನಳಿಗೆ ಹಾಕಿಸಿಕೊಂಡು. ಇನ್ನೊಂದು ಎಲ್ಲಿದೆಯೋ ಗೊತ್ತಿಲ್ಲ, ಇರುವೆ ಹರಿದಂತಾಗುವ ಕಾಲು ಹೊತ್ತುಕೊಂಡು, ತನಗೆ ಸಕ್ಕರೆ ಇಲ್ಲ ಎಂದುಕೊಂಡು.

ಆಗಲೇ ಫೋನ್ ಮಾಡಿದೆ. ಸ್ವಿಚ್ ಆಫ್. ಅದು ಕೇಳಿ ನನಗೆ ಆದದ್ದು ಸಮಾಧಾನ. ಇದನ್ನು ಬರೆಯದೆ ಬಿಟ್ಟರೆ ಉಳಿದದ್ದೆಲ್ಲ ಬರೆದೂ ಪ್ರಯೋಜನವಿಲ್ಲ.

ಮನೆಗೆ ಬಂದ ಮೇಲೆ ನೋಡಲು ಬಂದವರ ಸಾಲು. ಬಾದಾಮಿಯಿಂದ ಸೋದರಮಾವ ಒಂದು ಬೇರಿನ ಪುಡಿ ತಂದರು. ನಲವತ್ತೊಂದು ದಿನ ತಿಂದರೆ ಸೂಜಿ ಬಿಡಬಹುದಂತೆ. ಅದು ಹಸುವಿನ ಸಗಣಿಯಂತೆ ನಾತ ಹೊಡೆಯುತ್ತಿತ್ತು. ಚಿಗವ್ವ ಅಮೀನಗಡದ ಕರದಂಟು ತಂದು ಮಂಚದ ಮೇಲಿಟ್ಟು, “ಇದು ಬೆಲ್ಲದ್ದೈತಿ ತಗೋ. ಸಕ್ಕರಿ ಒಂದ ಹಳಕಿಲ್ಲ ಇದರಾಗ” ಅಂದಳು. ಆಮೇಲೆ ಬಾಗಿಲು ಮುಂದೆ ಮಾಡಿ ದನಿ ಇಳಿಸಿದಳು: “ಹೊರಗ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ ಮತ್ತ. ಕನ್ಯಾ ನೋಡಾಕ ಬರೂ ಮಂದಿ. ಹೊಟ್ಟಿ ಶೂಲಿ ಇತ್ತು ಅನ್ರಿ.”

ನನಗೆ ಅವಳ ಮೇಲೆ ಹೇಸಿಗೆ ಬಂತು. ಆದರೆ ನಾನು ಮಾಡಿದ್ದೂ ಅದನ್ನೇ. ಯಾರೂ ಹೇಳದಿದ್ದರೂ ನಾನು ಮೊದಲಿನಿಂದ ನನ್ನ ವಿಷಯ ಯಾರಿಗೂ ಹೇಳುವವಳಲ್ಲ. ಜೂನ್‌ನಲ್ಲಿ ಕಾಲೇಜಿಗೆ ಮರಳಿದಾಗ ‘ಕಾಮಾಲೆ’ ಅಂದೆ. ಶಂಕ್ರಣ್ಣನಿಗೆ ಯಾರಿಗೂ ಹೇಳಬೇಡಿ ಅಂದೆ. ಮಧ್ಯಾಹ್ನ ಊಟದ ಮೊದಲು ಇನ್ಸುಲಿನ್ ಪೆನ್ನನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಶೌಚಾಲಯಕ್ಕೆ ಹೋಗುತ್ತಿದ್ದೆ. ಅದರ ಚಿಲಕ ಸರಿಯಿಲ್ಲ. ಒಂದು ಕಾಲಿನಿಂದ ಬಾಗಿಲನ್ನು ಒತ್ತಿ ಹಿಡಿದು, ನೆಲದ ನೀರಿಗೆ ಚೂಡಿದಾರ ತಾಗದಂತೆ ಹಲ್ಲಿನಲ್ಲಿ ಕಚ್ಚಿಕೊಂಡು, ಹೊಟ್ಟೆಯ ಚರ್ಮ ಹಿಡಿದು ಚುಚ್ಚಿಕೊಳ್ಳಬೇಕು. ಪ್ರಯೋಗಾಲಯದಲ್ಲಿ ಒಂದು ಹನಿ ಚೆಲ್ಲಿದರೆ ಮೇಜನ್ನು ಮೂರು ಸಲ ಒರೆಸುವ ನಾನು. ಇದನ್ನು ಓದುವವರಲ್ಲಿ ಯಾರಾದರೂ ಹೀಗೆ ಬಾಗಿಲಿಗೆ ಕಾಲು ಕೊಟ್ಟು ನಿಂತಿದ್ದರೆ, ಅವರೊಬ್ಬರಿಗಾದರೂ ತಲುಪಲಿ ಎಂದೇ ಇಷ್ಟು ಬರೆಯುತ್ತಿದ್ದೇನೆ. ಪಕ್ಕದ ಬಾಗಿಲ ಹಿಂದೆ ನಾನೂ ಇದ್ದೆ.

ಮಾಬೂಬಿಯವರಿಗೆ ಇನ್ನೂ ಎರಡು ಸಲ ಫೋನ್ ಮಾಡಿದೆ. ಸ್ವಿಚ್ ಆಫ್. ಮಾಡಿದ್ದೇನಲ್ಲ ಎಂದು ಲೆಕ್ಕಕ್ಕಿಟ್ಟುಕೊಂಡೆ. ಒಂದು ಭಾನುವಾರ ಹುನಗುಂದದ ಮನೆಯಲ್ಲಿ ಅನ್ನ ನೋಡುತ್ತ ಕೂತಿದ್ದಾಗ, ಯಾಕೆ ಉಣ್ಣುತ್ತಿಲ್ಲ ಎಂದು ಅವ್ವ ಕೇಳಿದಳು. ಹೇಳಿಬಿಟ್ಟೆ. ಎಲ್ಲ ಹೇಳಿದೆ: ಮಷಿನ್, ರಿಜಿಸ್ಟರ್, ಫೋನಿನಲ್ಲಿ ಅಂದ ‘ಇಲ್ರಿ’.

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. “ಎಷ್ಟ ದಿನಾ ಆತು?”

“ಮೂರು ತಿಂಗಳ ಹತ್ರ ಬಂತು.”

“ಇಳಕಲ್ ಏನ ದಿಲ್ಲಿಯಾಗ ಐತೇನು? ಇಲ್ಲಿಂದ ಅರ್ಧ ತಾಸಿನ ಹಾದಿ. ಫೋನ್ ಬಂದ್ ಇದ್ರ ಕಾಲೂ ಬಂದಾಗಿದ್ವೇನ ನಿನ್ನವು?” ಕೈಯ ಹಿಟ್ಟು ಕೊಡವಿದಳು. “ಏಳು. ನಾನೂ ಬರ್ತೇನಿ.”

ಮಾಬೂಬಿಯವರ ಮನೆ ಶಿಬಿರ ನಡೆದ ಪಡಸಾಲೆಯ ಹಿಂದಿನ ಓಣಿಯಲ್ಲೇ ಇತ್ತು. ಮುಂದಿನ ಕೋಣೆಯ ನೆಲದಲ್ಲಿ ಕುಣಿ ತೋಡಿ ಕೂಡಿಸಿದ ಮಗ್ಗ, ಅದರ ಮೇಲೆ ಅರ್ಧ ನೇಯ್ದ ಸೀರೆ, ಆದರೆ ನೇಯುವವರು ಯಾರೂ ಇಲ್ಲ. ಕುಣಿಯೊಳಗೆ ಕಾಲು ಇಳಿಬಿಟ್ಟು, ಹಲಗೆ ತುಳಿದು ನೇಯುವ ಮಗ್ಗ ಅದು. ಗಂಜಿಯ ಹುಳಿ ವಾಸನೆ, ನೂಲಿನ ಬಣ್ಣದ ವಾಸನೆ. ಅವುಗಳ ಕೆಳಗೆ ಇನ್ನೊಂದು. ನನ್ನ ಮೂಗಿಗೆ ಅದು ಬಾಗಿಲಲ್ಲೇ ಗೊತ್ತಾಯಿತು. ಕೊಳೆಯುತ್ತಿರುವ ಮಾಂಸದ್ದು.

ಗೋಡೆಗೊರಗಿ, ಬಲಗಾಲು ಚಾಚಿಕೊಂಡು ಮಾಬೂಬಿ ಕಂಡಿಕೆಗೆ ನೂಲು ಸುತ್ತುತ್ತಿದ್ದರು. ಪಾದಕ್ಕೆ ಹಳೆಯ ಸೀರೆಯ ಅರಿವೆ, ಅರಿಶಿನದ ಕಲೆ. ಅವರಿಗೆ ಗುರುತು ಹತ್ತಿತು.

“ಬಾಂವಿ ತೋಡೂ ತಂಗಿ! ಬಾ ಬಾ. ನಿನ್ನ ಮಷಿನ್ ಅರಾಮಾತೇನ?”

ಅವ್ವ ನನ್ನ ಬೆನ್ನಿಗೆ ಬೆರಳಿಂದ ತಿವಿದಳು.

“ಮಷಿನ್ ಕೆಟ್ಟಿರಲಿಲ್ರಿ ಅಕ್ಕಾರ” ಅಂದೆ. “ಅದು ಖರೇನ ಹೇಳಿತ್ತು. ನಿಮಗ ಸಕ್ಕರಿ ಐತಿ ಅಂತ ಆವತ್ತ ಬಂದಿತ್ತು. ನಾನು ನಂಬಲಿಲ್ಲ. ನಂಬದ ನಿಮಗ ಇಲ್ಲಂತ ಹೇಳಿದೆ.”

ಕಂಡಿಕೆ ನಿಂತಿತು. ಸೊಸೆ ಶಬಾನಾ ಒಳಗಿನಿಂದ ಬಂದು ಬಾಗಿಲಿಗೆ ನಿಂತಳು. ಪಕ್ಕದ ಮನೆಯ ಇಬ್ಬರು ಹೆಂಗಸರೂ ಬಂದು ಇಣುಕಿದರು.

“ಹಲಗಿ ಬಡದು ಗಾಯ ಆತ್ರಿ, ಎರಡ ತಿಂಗಳಾತು” ಅಂದಳು ಶಬಾನಾ, ನನ್ನ ಮುಖವನ್ನೇ ನೋಡುತ್ತ. “ಮಾಯಲೇ ಇಲ್ಲ. ಸಕ್ಕರಿ ಇದ್ದೀತು, ನಡೀರಿ ದವಾಖಾನಿಗೆ ಅಂತ ನಾ ದಿನಾ ಅಂದೆ. ‘ಬಾಗಲಕೋಟಿ ದೊಡ್ಡ ಮಷಿನ್ನ ಇಲ್ಲಂದೈತಿ, ನೀ ಯಾರ ಹೇಳಾಕಿ’ ಅಂತ ನನ್ನ ಬಾಯಿ ಮುಚ್ಚಿಸ್ಯಾಳ ಈಕಿ. ಓಣಿ ತುಂಬ ಹೇಳಕೋತ ತಿರಿಗ್ಯಾಳ, ನಿಮ್ಮ ಹೆಸರಲೇ.”

ನನ್ನ ಚೀಲದಿಂದ ಬೆರಳ ತುದಿಯ ರಕ್ತದಲ್ಲೇ ಸಕ್ಕರೆ ನೋಡುವ ಸಣ್ಣ ಮಷಿನ್ ತೆಗೆದೆ. ಈಗ ಅದು ಯಾವಾಗಲೂ ನನ್ನ ಬಳಿ ಇರುತ್ತದೆ. ಬೆರಳು ಕೊಡಿ ಎಂದು ಕೈ ಚಾಚಿದೆ. ಮಾಬೂಬಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

“ಇನ್ನ ಕೊಡಂಗಿಲ್ಲ ನಾ. ಈ ಮಷಿನ್ನರ ಖರೆ ಹೇಳತೈತಿ ಅಂತ ಹ್ಯಾಂಗ ನಂಬಲಿ? ನಾಳೆ ಬಂದು ಇದೂ ಕೆಟ್ಟಿತ್ತಂತೀ.”

“ಇದನ್ನ ನಾನು ದಿನಾ ನೋಡಕೋತೇನ್ರಿ.”

“ನೀ ಯಾಕ ನೋಡಕೋತೀ?”

ಕಾಲೇಜಿನಲ್ಲಿ, ಓಣಿಯಲ್ಲಿ, ಗೆಳತಿಯರಲ್ಲಿ ಯಾರಿಗೂ ಹೇಳದ ಮಾತು. “ಆವತ್ತ ಮೊದಲ ಎರಡು ಸ್ಯಾಂಪಲ್‌ನಾಗ ಸಕ್ಕರಿ ಹೆಚ್ಚ ಬಂದಿತ್ತು. ಒಂದು ನಿಮ್ಮದು. ಇನ್ನೊಂದು ನನ್ನದು.”

ಮಾಬೂಬಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಮುಖದಲ್ಲಿ ಕನಿಕರ ಇರಲಿಲ್ಲ, ಅದು ನನಗೆ ಬೇಕಾಗಿಯೂ ಇರಲಿಲ್ಲ.

“ಹಂಗಾದ್ರ ಮೊದಲ ನಿಂದ ತೋರಸು. ಎಲ್ಲಾರ ಮುಂದ ತೋರಸು. ಆಮ್ಯಾಲೆ ನಂದು.”

ಬೆರಳಿಗೆ ಚುಚ್ಚಿಕೊಂಡೆ. ಐದು ಸೆಕೆಂಡು. ಇನ್ನೂರ ನಲವತ್ತೊಂದು. ಆ ದಿನ ಬೆಳಿಗ್ಗೆಯ ಇನ್ಸುಲಿನ್ನನ್ನು ನಾನು ಬೇಸರದಿಂದ ಕಡಿಮೆ ತೆಗೆದುಕೊಂಡಿದ್ದೆ. ಅದನ್ನೂ ಅವ್ವನಿಗೆ ಹೇಳಿರಲಿಲ್ಲ. ಶಬಾನಾ ಬಗ್ಗಿ ಅಂಕಿಯನ್ನು ಜೋರಾಗಿ ಓದಿದಳು.

“ಇಷ್ಟ ಓದಿದಾಕಿದೂ ಹಿಂಗ?” ಅಂದಳು ಬಾಗಿಲಲ್ಲಿದ್ದ ಒಬ್ಬಳು. ಅವ್ವ ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ.

ಮಾಬೂಬಿ ಕೈ ಮುಂದೆ ಮಾಡಿದರು. ದಿನವೂ ನೂಲು ಹಿಡಿದು ಬೆರಳ ತುದಿ ಕಲ್ಲಿನಂತೆ ಗಟ್ಟಿಯಾಗಿತ್ತು. ಎರಡು ಸಲ ಚುಚ್ಚಬೇಕಾಯಿತು. ಆ ಸಲ ಅವರು ಬಾವಿಯ ಮಾತು ತೆಗೆಯಲಿಲ್ಲ. ಮುನ್ನೂರ ಎಂಬತ್ತೇಳು.

ಅರಿವೆ ಬಿಚ್ಚಿದಾಗ ಪಕ್ಕದ ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡರು. ಹೆಬ್ಬೆರಳ ಪಕ್ಕದ ಬೆರಳು ಕಪ್ಪಾಗಿತ್ತು. ಮಾಬೂಬಿ ಅದನ್ನು ಬೇರೆಯವರ ಕಾಲು ನೋಡುವಂತೆ ನೋಡಿ, “ನೋವ ಇಲ್ಲ ನೋಡು, ಅದಕ್ಕ ಸುಮ್ಮನಿದ್ದೆ” ಅಂದರು. ನಾನು ಮೂಗು ಮುಚ್ಚಲಿಲ್ಲ. ದೊಡ್ಡತನಕ್ಕಲ್ಲ. ಆ ವಾಸನೆ ನನ್ನ ಪಾಲಿನದು ಅನ್ನಿಸಿತು, ಅದನ್ನು ಪೂರ್ತಿ ಎಳೆದುಕೊಳ್ಳಬೇಕು ಅನ್ನಿಸಿತು.

ಅದೇ ಮಧ್ಯಾಹ್ನ ಬಾಗಲಕೋಟೆಗೆ ಕರೆದುಕೊಂಡು ಬಂದೆವು. ಮೂರನೇ ದಿನ ಆ ಬೆರಳನ್ನು ತೆಗೆದರು. ಪಾದ ಉಳಿಯಿತು. ಶಸ್ತ್ರಚಿಕಿತ್ಸೆ ಮಾಡಿದ ಡಾಕ್ಟರನ್ನು ಹೊರಗೆ ನಿಲ್ಲಿಸಿ ಕೇಳಿದೆ: ಏಪ್ರಿಲ್‌ನಲ್ಲೇ ಬಂದಿದ್ದರೆ ಬೆರಳು ಉಳಿಯುತ್ತಿತ್ತೇ?

“ಹೇಳಲಿಕ್ಕೆ ಬರೂದಿಲ್ಲ” ಅಂದರು. ಒಳ್ಳೆಯ ಮನುಷ್ಯ. ನನಗೆ ಹೇಳಲು ಬರುತ್ತದೆ.

ಪ್ರಯೋಗಾಲಯದ ರಿಜಿಸ್ಟರಿನಲ್ಲಿ ಒಮ್ಮೆ ಬರೆದದ್ದನ್ನು ಅಳಿಸುವಂತಿಲ್ಲ. ಹೊಡೆದು, ಪಕ್ಕದಲ್ಲಿ ಬರೆದು, ಸಹಿ ಮಾಡಬೇಕು. ಹಾಗೆ ಮಾಡಿದೆ: ‘ಯಂತ್ರದೋಷವಲ್ಲ. ಎರಡೂ ಅಂಕಿ ಸರಿ. ಇಬ್ಬರಿಗೂ ಸಕ್ಕರೆ ಕಾಯಿಲೆ ಇದೆ. ಮೊದಲನೆಯದು ನನ್ನದು.’ ವಿಭಾಗದ ಎಲ್ಲರೂ ತಿರುವಿ ಹಾಕುವ ಪುಸ್ತಕ ಅದು. ಒಂದೇ ವಾರದಲ್ಲಿ ಕಾಮಾಲೆಯ ಕಥೆ ಮುಗಿಯಿತು. ಹುಬ್ಬಳ್ಳಿಯ ಇಂಜಿನಿಯರಿಗೆ ಕ್ಷಮೆ ಕೇಳಿ ಪತ್ರ ಬರೆದೆ. ಸಿಬ್ಬಂದಿಯ ರಕ್ತ ಹಾಕುವ ರೂಢಿಯನ್ನು ನಿಲ್ಲಿಸಿದೆವು. ಸೀರಮ್ ಬರದ ದಿನ ಈಗ ಮಷಿನ್ನಿಗೆ ರಜೆ. ಶಂಕ್ರಣ್ಣ ನನ್ನನ್ನು ಹೆಸರು ಹಿಡಿದು ಕರೆಯುತ್ತಾರೆ, ಪ್ರತಿ ಸಲವೂ ಸ್ವಲ್ಪ ತಡವರಿಸುತ್ತಾರೆ.

ಎಲ್ಲ ಸರಿಹೋಯಿತು ಎಂದು ಹೇಳುವುದಿಲ್ಲ. ಕರದಂಟಿನ ವಾಸನೆ ಈಗಲೂ ಆಗುವುದಿಲ್ಲ. ಅಮೀನಗಡದಲ್ಲಿ ಬಸ್ಸಿನ ಕಿಟಕಿ ಮುಚ್ಚಿಕೊಳ್ಳುತ್ತೇನೆ. ನನ್ನ ಹೊಟ್ಟೆಯ ಮೇಲಿನ ನೀಲಿ ಚುಕ್ಕೆಗಳನ್ನು ನೋಡಲು ಇಷ್ಟವಿಲ್ಲ. ಆದರೆ ಪೆನ್ನನ್ನು ಕರವಸ್ತ್ರದಲ್ಲಿ ಸುತ್ತುವುದಿಲ್ಲ. ಊಟದ ಮೇಜಿನಲ್ಲೇ ಚುಚ್ಚಿಕೊಳ್ಳುತ್ತೇನೆ. ನೋಡಲಾಗದವರು ಬೇರೆ ಕಡೆ ನೋಡುತ್ತಾರೆ.

ಮಾಬೂಬಿ ತಿಂಗಳಿಗೊಮ್ಮೆ ತಪಾಸಣೆಗೆ ಬರುತ್ತಾರೆ. ಒಂದು ಬೆರಳಿಲ್ಲದ ಕಾಲಿಗೆ ಮೆತ್ತನೆಯ ಚಪ್ಪಲಿ. ಕುಣಿಗೆ ಇಳಿಯುವುದು ಡಾಕ್ಟರು ಬೇಡ ಅಂದಿದ್ದಾರೆ. ಮಗ್ಗದ ಮೇಲೆ ಈಗ ಶಬಾನಾ. ಅವರು ನನ್ನನ್ನು ಕ್ಷಮಿಸಿದ್ದಾರೋ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುವುದನ್ನು ಈಗ ಕಲಿತಿದ್ದೇನೆ. ಒಂದು ಕರಾರು ಮಾತ್ರ ಬಿಟ್ಟಿಲ್ಲ: ನಾನು ಹೋಗಿ ಎದುರು ನಿಂತು ನನ್ನದು ಹೇಳುವವರೆಗೆ ಅವರು ರಕ್ತ ಕೊಡುವುದಿಲ್ಲ.

ಮೊನ್ನೆಯೂ ಹೊರರೋಗಿ ವಿಭಾಗದಲ್ಲಿ ಕಾಲಿಡಲು ಜಾಗ ಇರಲಿಲ್ಲ. ಬೆಂಚುಗಳ ತುಂಬ ಜನ, ಕೈಯಲ್ಲಿ ಚೀಟಿ, ಮುಚ್ಚಳವಿಲ್ಲದ ಡಬ್ಬಿ. ಕೊನೆಯ ಬೆಂಚಿನಿಂದ ಮಾಬೂಬಿಯವರ ದನಿ ಇಡೀ ಕೋಣೆ ದಾಟಿ ಬಂತು.

“ಯವ್ವಾ! ಇವತ್ತ ನಿಂದೆಷ್ಟು?”

ಎಲ್ಲರೂ ತಿರುಗಿ ನೋಡಿದರು.

“ನೂರಾ ಎಪ್ಪತ್ತೆರಡು” ಅಂದೆ.

“ಕೇಳಸಲಿಲ್ಲ.”

ಜೋರಾಗಿ ಹೇಳಿದೆ. ಮಾಬೂಬಿ ತೋಳಿನ ಸೆರಗು ಸರಿಸಿ, ಸೂಜಿ ಹಿಡಿದು ನಿಂತಿದ್ದ ಹುಡುಗಿಯ ಕಡೆ ಕೈ ಚಾಚಿದರು.